ಊರಿಗೆ ಇಷ್ಟೆಲ್ಲ ಮಾಡಿದರೂ ಕಾರ್ಖಾನೆಗೆ ಒಳ್ಳೆ ಹೆಸರು ಯಾಕಿಲ್ಲ?

ಪ್ರಶ್ನೆ (ಒಂದು ಕಾರ್ಖಾನೆಯ ಸಾರ್ವಜನಿಕ ಸಂಪರ್ಕ ವಿಭಾಗದವರು):

ಎಲ್ಲರಿಗೂ ನಮಸ್ಕಾರ. ನಮ್ಮ ಕಾರ್ಖಾನೆ ಹಲವು ವರ್ಷಗಳಿಂದ ಸುತ್ತಲಿನ ಜನರಿಗೆ ಶಾಲಾ ಕೊಠಡಿ, ಕುಡಿಯುವ ನೀರಿನ ಘಟಕ, ಆರೋಗ್ಯ ಶಿಬಿರ ಎಲ್ಲ ಮಾಡುತ್ತಾ ಬಂದಿದೆ. ಫಲಕ ಹಾಕಿದ್ದೇವೆ, ಫೋಟೊ ಹಂಚಿದ್ದೇವೆ. ಈಚೆಗೆ ಒಂದು ಸರ್ವೆ ಮಾಡಿಸಿದೆವು. ಬಂದ ಉತ್ತರ ಏನು ಗೊತ್ತಾ? "ರಾತ್ರಿ ವಾಸನೆ ಬರುತ್ತೆ, ಕೇಳೋಕೆ ಹೋದ್ರೆ ಗೇಟಿಂದಲೇ ವಾಪಸ್ ಕಳಿಸ್ತಾರೆ." ಶಾಲೆಯ ಬಗ್ಗೆ ಹೆಚ್ಚಿನವರು ಬಾಯೇ ಬಿಡಲಿಲ್ಲ. ಮೇಲಿನವರು ಈಗ ಎರಡೇ ದಾರಿ ಹೇಳುತ್ತಿದ್ದಾರೆ: ಪ್ರಚಾರ ಜಾಸ್ತಿ ಮಾಡಿ, ಇಲ್ಲಾಂದ್ರೆ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಖರ್ಚು ಕಡಿಮೆ ಮಾಡಿ. ಸಿಎಸ್‌ಆರ್‌ನಿಂದ ಸ್ಥಳೀಯರ ಮನಸ್ಸಿನಲ್ಲಿ ನಿಜಕ್ಕೂ ಹೆಸರು ಬದಲಾಗುತ್ತಾ?

ಉತ್ತರ (ಕಾರ್ಖಾನೆ ಮತ್ತು ಸಮುದಾಯದ ಸಂಬಂಧ ನೋಡಿಕೊಳ್ಳುವ ಸಲಹೆಗಾರರು):

ಎರಡೂ ಬೇಡ. ಪ್ರಚಾರ ಹೆಚ್ಚಿಸಿದರೆ ಹೆಸರು ಇನ್ನೂ ಕೆಡುತ್ತದೆ. ಖರ್ಚು ಕಡಿಮೆ ಮಾಡಿದರೆ ಈಗ ಅಷ್ಟೋ ಇಷ್ಟೋ ಉಪಯೋಗ ಪಡೆಯುತ್ತಿರುವವರಿಗೂ ಇಲ್ಲದ ಹಾಗಾಗುತ್ತದೆ. ಉತ್ತರ ನಿಮ್ಮ ಸರ್ವೆಯಲ್ಲೇ ಇದೆ, ಮೇಲಿನವರು ಅದನ್ನು ಸರಿಯಾಗಿ ಓದಿಲ್ಲ ಅಷ್ಟೇ. ಜನ ಶಾಲೆಯನ್ನು ಬೈದಿಲ್ಲ. ವಾಸನೆಯನ್ನು ಬೈದಿದ್ದಾರೆ, ಅದಕ್ಕಿಂತ ಹೆಚ್ಚಾಗಿ ಗೇಟಿನಲ್ಲಿ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಬೈದಿದ್ದಾರೆ.

ಸುತ್ತಲಿನವರು ಒಂದು ಕಾರ್ಖಾನೆಯ ಬಗ್ಗೆ ಎರಡು ಬೇರೆ ಬೇರೆ ಖಾತೆ ಇಟ್ಟುಕೊಂಡಿರುತ್ತಾರೆ. ಒಂದರಲ್ಲಿ ನೀವು ಕೊಟ್ಟಿದ್ದು. ಇನ್ನೊಂದರಲ್ಲಿ ನಿಮ್ಮಿಂದ ಆದ ತೊಂದರೆ. ಮೊದಲನೆಯದರಿಂದ ಎರಡನೆಯದಕ್ಕೆ ಹಣ ವರ್ಗ ಮಾಡಬಹುದು ಅಂತ ಆಡಳಿತದವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ವ್ಯವಹಾರ ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳಿವೆ. ಅದರಲ್ಲಿ 11ನೇ ತತ್ವದ ವಿವರಣೆಯೂ ಇದನ್ನೇ ಹೇಳುತ್ತದೆ: ಕಂಪನಿ ಬೇರೆ ಒಳ್ಳೆಯ ಕೆಲಸ ಎಷ್ಟಾದರೂ ಮಾಡಲಿ, ತನ್ನ ಕೆಲಸದಿಂದ ಜನರ ಹಕ್ಕಿಗೆ ಧಕ್ಕೆ ಆಗಿದ್ದರೆ ಅದು ಇದರಿಂದ ಸರಿದೂಗುವುದಿಲ್ಲ.

ಇದರ ಅತಿ ಕೆಟ್ಟ ಉದಾಹರಣೆ ಜಪಾನಿನ ಮಿನಮಾಟ. ಅಲ್ಲಿ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ ಪಾದರಸ ಇದ್ದ ತ್ಯಾಜ್ಯವನ್ನು ಸಮುದ್ರಕ್ಕೆ ಬಿಡುತ್ತಿತ್ತು. ಆ ಸಮುದ್ರದ ಮೀನು ತಿಂದವರಿಗೆ ನರಗಳ ರೋಗ ಬಂತು. 1956ರಲ್ಲಿ ರೋಗ ಅಧಿಕೃತವಾಗಿ ಬೆಳಕಿಗೆ ಬಂತು. 1959ರ ಡಿಸೆಂಬರ್‌ನಲ್ಲಿ ಕಂಪನಿ ಎರಡು ಕೆಲಸ ಮಾಡಿತು. ಒಂದು, ನೀರು ಶುದ್ಧ ಮಾಡುವ ಯಂತ್ರವನ್ನು ದೊಡ್ಡ ಸಮಾರಂಭ ಮಾಡಿ ಉದ್ಘಾಟಿಸಿತು, ಕಂಪನಿಯ ಅಧ್ಯಕ್ಷರು ಎಲ್ಲರ ಮುಂದೆ ಒಂದು ಲೋಟ ನೀರು ಕುಡಿದು ತೋರಿಸಿದರು. ಆ ಯಂತ್ರಕ್ಕೆ ಪಾದರಸ ತೆಗೆಯುವ ಶಕ್ತಿಯೇ ಇರಲಿಲ್ಲ. ಎರಡು, ರೋಗಿಗಳಿಗೆ "ಸಹಾನುಭೂತಿ ಹಣ" ಅಂತ ಕೊಟ್ಟು ಒಪ್ಪಂದ ಬರೆಸಿಕೊಂಡಿತು: ಮುಂದೆ ರೋಗಕ್ಕೆ ಕಾರ್ಖಾನೆಯೇ ಕಾರಣ ಅಂತ ಗೊತ್ತಾದರೂ ಬೇರೆ ಪರಿಹಾರ ಕೇಳಬಾರದು. ತ್ಯಾಜ್ಯ ಬಿಡುವುದು 1968ರವರೆಗೂ ನಿಲ್ಲಲಿಲ್ಲ. 1973ರಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಆ ಒಪ್ಪಂದವನ್ನೇ ಅನೂರ್ಜಿತ ಅಂದಿತು.

ಗಮನಿಸಿ, ಹಣ ಕೊಟ್ಟಿದ್ದು ನಿಜ, ಯಂತ್ರ ಹಾಕಿದ್ದೂ ನಿಜ. ಕೆಲವು ವರ್ಷ ಹೊರಗಿನವರ ಕಣ್ಣಿಗೆ ಸಮಸ್ಯೆ ಮುಗಿದ ಹಾಗೇ ಕಂಡಿತು. ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ: ಆಗ ಊರಿನ ಎಲ್ಲರೂ ಕಂಪನಿಗೆ ವಿರುದ್ಧ ಇರಲಿಲ್ಲ. ತ್ಯಾಜ್ಯ ನೀರು ನಿಲ್ಲಿಸಬೇಡಿ ಅಂತ 1959ರಲ್ಲಿ ಮೇಯರ್, ವ್ಯಾಪಾರಿಗಳು, ಕಾರ್ಮಿಕ ಸಂಘದವರು ಸೇರಿ ಪ್ರಾಂತ್ಯದ ಗವರ್ನರ್‌ಗೆ ಮನವಿ ಕೊಟ್ಟಿದ್ದರು. ಕಾರ್ಖಾನೆ ನಿಂತರೆ ಊರಿನ ದುಡಿಮೆಯೇ ನಿಲ್ಲುತ್ತದೆ ಅನ್ನುವ ಭಯ. ಅನುಭವಿಸಿದವರು ಮೀನುಗಾರರು. ಅದಕ್ಕೇ "ಸ್ಥಳೀಯರ ಅಭಿಪ್ರಾಯ" ಅನ್ನುವ ಮಾತು ಕೇಳಿದರೆ ನನಗೆ ಅನುಮಾನ. ಯಾವ ಸ್ಥಳೀಯರು? ಕಾರ್ಮಿಕರಿಗೆ ಮನೆ ಬಾಡಿಗೆಗೆ ಕೊಟ್ಟವರು, ಕೆಲಸ ಸಿಕ್ಕವರು, ಅರ್ಜಿ ಹಾಕಿ ಕೆಲಸ ಸಿಗದವರು, ಗಾಳಿ ಬೀಸುವ ಕಡೆ ಇರುವವರು, ನಾಲೆಯ ಕೆಳಗಡೆ ಇರುವವರು. ಇವರೆಲ್ಲರ ಉತ್ತರ ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾರ ಅಭಿಪ್ರಾಯವೂ ಅಲ್ಲ. ನಿಮ್ಮ ಸರ್ವೆಯನ್ನು ಮೊದಲು ಹೀಗೆ ಬಿಡಿಸಿ ನೋಡಿ.

ಇನ್ನು ಪ್ರಚಾರ. ಕೆಟ್ಟ ಹೆಸರಿರುವ ಕಂಪನಿಗಳ ಸಿಎಸ್‌ಆರ್ ಬಗ್ಗೆ 2006ರಲ್ಲಿ ಗ್ರಾಹಕ ಮನಶ್ಶಾಸ್ತ್ರದ ಒಂದು ಅಧ್ಯಯನ ಬಂತು. ಉದ್ದೇಶ ಪ್ರಾಮಾಣಿಕ ಅನ್ನಿಸಿದರೆ ಹೆಸರು ಸುಧಾರಿಸುತ್ತದೆ, ಇಲ್ಲ ಅನ್ನಿಸಿದರೆ ಮೊದಲಿಗಿಂತ ಕೆಡುತ್ತದೆ ಅಂತ ಅದರಲ್ಲಿ ಕಂಡಿತು. ಕೊಟ್ಟಿದ್ದಕ್ಕಿಂತ ಅದರ ಜಾಹೀರಾತಿಗೆ ಹೆಚ್ಚು ಖರ್ಚಾಗಿದೆ ಅಂತ ಗೊತ್ತಾದಾಗಲಂತೂ ತಿರುಗುಬಾಣ. ಪ್ರಯೋಗದಲ್ಲಿದ್ದವರು ಕಾರ್ಖಾನೆಯ ಪಕ್ಕದವರಲ್ಲ. ನಿಮ್ಮ ಪಕ್ಕದಲ್ಲೇ ಇರುವವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ, ಅಲ್ವಾ? ಕೆಟ್ಟು ನಿಂತ ನೀರಿನ ಘಟಕದ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅದಕ್ಕಿಂತ ಕೆಟ್ಟ ಜಾಹೀರಾತು ಇಲ್ಲ. ಉದ್ಘಾಟನೆಗೆ ಬಜೆಟ್ ಇರುತ್ತದೆ, ಫಿಲ್ಟರ್ ಬದಲಿಸಲು ಇರುವುದಿಲ್ಲ.

ಸದಸ್ಯರು (ಕಾರ್ಖಾನೆ ಕಾರ್ಮಿಕರು):

ನಮ್ಮ ಕಡೆ ಗುತ್ತಿಗೆಯವರಿಗೆ ಸಂಬಳ ಯಾವಾಗಲೂ ತಡ. ಕೈಗವಸು ಕೇಳಿದರೆ ಸ್ಟಾಕ್ ಇಲ್ಲ ಅಂತಾರೆ. ಅದೇ ವಾರ ಪೇಪರಿನಲ್ಲಿ ನಮ್ಮ ಕಂಪನಿ ಗಿಡ ನೆಟ್ಟ ಫೋಟೊ. ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಇದನ್ನೂ ಇಮೇಜ್ ಲೆಕ್ಕಕ್ಕೆ ತಗೋತಾರಾ ಸಾರ್?

ಉತ್ತರ:

ತೆಗೆದುಕೊಳ್ಳಲೇಬೇಕು. ಊರಿನಲ್ಲಿ ಕಾರ್ಖಾನೆಯ ಸುದ್ದಿ ಹರಡುವುದು ಪೇಪರಿನಿಂದಲ್ಲ, ಶಿಫ್ಟ್ ಮುಗಿಸಿ ಮನೆಗೆ ಹೋಗುವವರಿಂದ. ನೀವು ಮನೆಯಲ್ಲಿ ಹೇಳುವ ಒಂದು ಮಾತಿಗೆ ಇರುವ ಬೆಲೆ ಕಂಪನಿಯ ವಾರ್ಷಿಕ ವರದಿಗೆ ಇಲ್ಲ. ಗುತ್ತಿಗೆದಾರ ಸಂಬಳ ತಡ ಮಾಡಿದರೆ ಜನ ಬೈಯುವುದು ಗುತ್ತಿಗೆದಾರನನ್ನಲ್ಲ, ಗೇಟಿನ ಮೇಲಿರುವ ಹೆಸರನ್ನು. "ಅದು ನಮ್ಮ ಜವಾಬ್ದಾರಿ ಅಲ್ಲ, ಏಜೆನ್ಸಿಯದ್ದು" ಅನ್ನುವ ಉತ್ತರ ಕೇಳಿ ಸುಮ್ಮನಾದ ಒಬ್ಬರನ್ನೂ ನಾನು ನೋಡಿಲ್ಲ.

ಸದಸ್ಯರು:

ನಮ್ಮ ಮ್ಯಾನೇಜರ್ ಐಎಸ್‌ಒ 26000 ಸರ್ಟಿಫಿಕೇಟ್ ತೆಗೆದುಕೊಂಡು ಗೇಟಿನಲ್ಲಿ ಹಾಕೋಣ ಅಂತಿದ್ದಾರೆ. ಉಪಯೋಗ ಇದೆಯಾ?

ಉತ್ತರ:

ಅಂಥ ಸರ್ಟಿಫಿಕೇಟೇ ಇಲ್ಲ. 2010ರಲ್ಲಿ ಬಂದ ಐಎಸ್‌ಒ 26000 ಬರೀ ಮಾರ್ಗದರ್ಶನ, ಪ್ರಮಾಣಪತ್ರಕ್ಕೆ ಅಂತ ಮಾಡಿದ್ದಲ್ಲ. ಯಾರಾದರೂ ದುಡ್ಡಿಗೆ ಕೊಡುತ್ತೇವೆ ಅಂದರೆ ಬಾಗಿಲು ತೋರಿಸಿ. ಆದರೆ ಅದನ್ನು ಓದಿ, ಒಳ್ಳೆಯದು. ಅದರ ಪ್ರಕಾರ ಸಾಮಾಜಿಕ ಹೊಣೆ ಅಂದರೆ ನಿಮ್ಮ ತೀರ್ಮಾನ ಮತ್ತು ಕೆಲಸಗಳಿಂದ ಸಮಾಜಕ್ಕೆ, ಪರಿಸರಕ್ಕೆ ಆಗುವ ಪರಿಣಾಮದ ಹೊಣೆ. ಅದು ಪಟ್ಟಿ ಮಾಡುವ ಏಳು ಮುಖ್ಯ ವಿಷಯಗಳಲ್ಲಿ ಸಮುದಾಯದ ಅಭಿವೃದ್ಧಿ ಒಂದು ಮಾತ್ರ. ನಾವು ಸಿಎಸ್‌ಆರ್ ಅಂತ ಕರೆಯುವುದೆಲ್ಲ ಹೆಚ್ಚುಕಡಿಮೆ ಆ ಒಂದರೊಳಗೇ ಮುಗಿದು ಹೋಗುತ್ತದೆ.

ಸದಸ್ಯರು (ಲೆಕ್ಕಪತ್ರ ವಿಭಾಗ):

ಭಾರತದಲ್ಲಿ ಸಿಎಸ್‌ಆರ್‌ಗೆ ಲಾಭದ ಶೇ 2 ಖರ್ಚು ಕಾನೂನೇ ಆಗಿದೆಯಲ್ಲ. ಹಾಗಿದ್ದ ಮೇಲೆ ತ್ಯಾಜ್ಯ ಶುದ್ಧೀಕರಣ ಘಟಕದ ಖರ್ಚು, ಕಾರ್ಮಿಕರ ಸೌಲಭ್ಯದ ಖರ್ಚು ಅದರಲ್ಲೇ ತೋರಿಸಬಹುದಾ?

ಉತ್ತರ:

ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು, ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಆದರೆ ಕಂಪನಿಯ ಮಾಮೂಲಿ ವ್ಯವಹಾರದ ಭಾಗವಾದ ಕೆಲಸ, ನೌಕರರಿಗೆ ಮಾತ್ರ ಲಾಭ ಆಗುವ ಕೆಲಸ, ಕಾನೂನಿನ ಪ್ರಕಾರ ಹೇಗೂ ಮಾಡಲೇಬೇಕಾದ ಕೆಲಸ ಇದರಲ್ಲಿ ಸೇರುವುದಿಲ್ಲ. ತಮ್ಮ ವಸ್ತುವಿನ ಮಾರಾಟಕ್ಕೆ ಅನುಕೂಲ ಆಗಲಿ ಅಂತ ಮಾಡುವ ಪ್ರಾಯೋಜಕತ್ವವೂ ಸೇರುವುದಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಹೆಸರು ಉಳಿಸುವ ಕೆಲಸಗಳೆಲ್ಲ, ಅಂದರೆ ಹೊಗೆ, ನೀರು, ಸಂಬಳ, ಲಾರಿ ಓಡಾಟ, ಈ ಶೇ 2ರ ಹೊರಗೇ ಇವೆ. ಅದಕ್ಕೆ ಸಿಎಸ್‌ಆರ್ ವಿಭಾಗದವರು ಎಷ್ಟು ಒದ್ದಾಡಿದರೂ ಹೆಸರು ಅವರ ಕೈಯಲ್ಲಿಲ್ಲ. ಅದು ಉತ್ಪಾದನಾ ವಿಭಾಗದವರ ಕೈಯಲ್ಲಿದೆ. ಅವರು ಈ ಮೀಟಿಂಗ್‌ಗಳಿಗೆ ಬರುವುದೇ ಇಲ್ಲ!

ಸದಸ್ಯರು (ಒಂದು ಕಾರ್ಖಾನೆಯ ಪಕ್ಕದ ನಿವಾಸಿ):

ಕ್ಷಮಿಸಿ, ಇದೆಲ್ಲ ಕಂಪನಿಯವರು ಹೆಸರು ಹೇಗೆ ಉಳಿಸಿಕೊಳ್ಳಬೇಕು ಅನ್ನೋ ಚರ್ಚೆ ಆಯ್ತು. ನಮಗೆ ಅವರ ಇಮೇಜ್ ಕಟ್ಟಿಕೊಂಡು ಏನಾಗಬೇಕು? ಬೆಂಚು ಕೊಡ್ತಾರೆ, ಫೋಟೊ ತೆಗೀತಾರೆ, ಮಾರನೇ ದಿನ ದೂರು ಕೊಟ್ಟರೆ "ನಿಮಗೆ ಇಷ್ಟೆಲ್ಲ ಮಾಡಿದೀವಲ್ಲ" ಅಂತಾರೆ. ನಾವು ಏನು ಕೇಳಬೇಕು ಅದನ್ನು ಹೇಳಿ.

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. "ಇಷ್ಟೆಲ್ಲ ಮಾಡಿದೀವಲ್ಲ" ಅನ್ನುವ ಮಾತು ಬಂದ ಕ್ಷಣ ಆ ಬೆಂಚು ದಾನವಾಗಿ ಉಳಿಯುವುದಿಲ್ಲ, ಬಾಯಿ ಮುಚ್ಚಿಸಲು ಕೊಟ್ಟ ಮುಂಗಡ ಆಗುತ್ತದೆ.

ಮೊದಲು ಮಾಹಿತಿ ಕೇಳಿ. ಒಳಗೆ ಏನು ಸಂಗ್ರಹ ಮಾಡಿದ್ದೀರಿ, ಎಷ್ಟು, ಸೋರಿದರೆ ನಾವು ಏನು ಮಾಡಬೇಕು, ಯಾವ ಕಡೆ ಓಡಬೇಕು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿದಾಗ ಪಕ್ಕದಲ್ಲೇ ಮಲಗಿದ್ದವರಿಗೆ ಅದು ಯಾವ ಅನಿಲ, ಏನು ಮಾಡಬೇಕು ಅನ್ನುವುದೇ ಗೊತ್ತಿರಲಿಲ್ಲ. ಆ ದುರಂತದ ಪರಿಣಾಮವಾಗಿ ಅಮೆರಿಕ 1986ರಲ್ಲಿ ಒಂದು ಕಾನೂನು ಮಾಡಿತು. ಕಾರ್ಖಾನೆಗಳು ಯಾವ ವಿಷಕಾರಿ ರಾಸಾಯನಿಕ ಎಷ್ಟು ಹೊರಬಿಟ್ಟವು ಅಂತ ಪ್ರತಿ ವರ್ಷ ವರದಿ ಕೊಡಬೇಕು, ಅದು ಎಲ್ಲರಿಗೂ ನೋಡಲು ಸಿಗಬೇಕು. ಶಾಲೆ ಕಟ್ಟಿಸಿಕೊಡುವ ಕಂಪನಿಗೆ ಈ ಪಟ್ಟಿ ಗೋಡೆಗೆ ಅಂಟಿಸುವುದು ಕಷ್ಟ ಆಗಬಾರದು. ಕಷ್ಟ ಅಂದರೆ ಯಾಕೆ ಅಂತ ಕೇಳಿ.

ಎರಡನೆಯದು, ಬಾಯಿ ಮಾತಿನ ಭರವಸೆ ಬೇಡ, ಬರಹದಲ್ಲಿ ಬೇಕು. ಅಮೆರಿಕದ ಮೊಂಟಾನಾದಲ್ಲಿ ಸ್ಟಿಲ್‌ವಾಟರ್ ಗಣಿ ಕಂಪನಿ 2000ದಲ್ಲಿ ಸ್ಥಳೀಯ ಸಂಘಟನೆಗಳ ಜೊತೆ "ಒಳ್ಳೆಯ ನೆರೆಯವರ ಒಪ್ಪಂದ" ಮಾಡಿಕೊಂಡಿತು. ಅದು ಗಣಿ, ಕಾರ್ಖಾನೆ ಅಲ್ಲ, ಆದರೂ ಮಾದರಿ ಹೊಂದುತ್ತದೆ. ನದಿ ನೀರಿನ ಗುಣಮಟ್ಟ, ರಸ್ತೆಯ ವಾಹನ ಓಡಾಟ ಎಲ್ಲ ಅದರಲ್ಲಿದೆ, ಮುಖ್ಯವಾಗಿ ಕಾನೂನಿನಲ್ಲಿ ಜಾರಿ ಮಾಡಿಸಬಹುದಾದ ಒಪ್ಪಂದ ಅದು. ನೀರಿನ ಮಾದರಿ ತೆಗೆಯುವಾಗ ನಿಮ್ಮವರೂ ನಿಂತಿರಬೇಕು, ಲ್ಯಾಬ್ ಯಾವುದು ಅಂತ ಇಬ್ಬರೂ ಸೇರಿ ತೀರ್ಮಾನಿಸಬೇಕು. ಕಂಪನಿಯೇ ತೆಗೆದು ಕಂಪನಿಯೇ ಪರೀಕ್ಷಿಸಿ ಕಂಪನಿಯೇ "ಎಲ್ಲ ಸರಿ ಇದೆ" ಅಂದರೆ, ಅದು ನಿಜವೇ ಆಗಿದ್ದರೂ ನಂಬುವವರಿಲ್ಲ.

ಕೊನೆಗೆ, ದೂರಿಗೆ ಸಂಖ್ಯೆ ಇರುವ ರಸೀದಿ ಕೇಳಿ.

ಪ್ರಶ್ನೆ ಕೇಳಿದವರು:

ತುಂಬಾ ಧನ್ಯವಾದ. ಕೆಲವು ಮಾತು ಚುಚ್ಚಿದವು, ಇರಲಿ. ನಮ್ಮ ಎಂಜಿನಿಯರ್‌ಗಳು ಒಂದೇ ಮಾತು ಹೇಳುತ್ತಾರೆ, "ವಾಸನೆ ಮಿತಿಯೊಳಗೇ ಇದೆ, ಆರೋಗ್ಯಕ್ಕೆ ಅಪಾಯ ಇಲ್ಲ, ಜನ ಸುಮ್ನೆ ಗಲಾಟೆ ಮಾಡ್ತಾರೆ". ಇವರಿಗೆ ಏನು ಹೇಳಲಿ? ಮತ್ತೆ, ಮೇಲಿನವರಿಗೆ ಅಂಕಿ ಬೇಕು. ಏನು ಅಳೆಯಲಿ?

ಉತ್ತರ:

ಎಂಜಿನಿಯರ್‌ಗಳಿಗೆ ಅಪಾಯದ ಬಗ್ಗೆ ಜನರ ಜೊತೆ ಹೇಗೆ ಮಾತಾಡಬೇಕು ಅನ್ನುವುದರ ತಜ್ಞ ಪೀಟರ್ ಸ್ಯಾಂಡ್‌ಮನ್ ಹೇಳಿದ ಸೂತ್ರ ತೋರಿಸಿ, ಅವರಿಗೆ ಸೂತ್ರ ಇಷ್ಟ. ರಿಸ್ಕ್ ಅಂದರೆ ಅಪಾಯ ಕೂಡಿಸು ಆಕ್ರೋಶ. ನಿಮ್ಮವರು ಮೊದಲನೆಯದನ್ನು ಮಾತ್ರ ಅಳೆಯುತ್ತಾರೆ, ಜನ ಎರಡನೆಯದನ್ನು ಅನುಭವಿಸುತ್ತಾರೆ. ತಾವು ಒಪ್ಪದೆ ಮೇಲೆ ಬಿದ್ದದ್ದು, ತಮ್ಮ ಹಿಡಿತದಲ್ಲಿ ಇಲ್ಲದ್ದು, ಕೇಳಿದರೆ ಉತ್ತರ ಸಿಗದ್ದು, ಇವೆಲ್ಲ ಆಕ್ರೋಶ ಹೆಚ್ಚಿಸುತ್ತವೆ. ಮಿತಿಯೊಳಗಿನ ವಾಸನೆಯೇ ಆದರೂ ರಾತ್ರಿ ಎಷ್ಟು ಹೊತ್ತಿಗೆ ಯಾಕೆ ಬರುತ್ತದೆ ಅಂತ ಮೊದಲೇ ತಿಳಿಸಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಉಳಿದ ಅರ್ಧಕ್ಕೆ ಯಂತ್ರ ಸರಿ ಮಾಡಲೇಬೇಕು, ಮಾತಿನಿಂದ ಆಗುವುದಿಲ್ಲ.

ಅಳೆಯುವ ವಿಷಯ. ಎಷ್ಟು ಕೊಠಡಿ ಕಟ್ಟಿದೆವು, ಎಷ್ಟು ಜನ ಶಿಬಿರಕ್ಕೆ ಬಂದರು ಅನ್ನುವುದು ಖರ್ಚಿನ ಲೆಕ್ಕ, ಹೆಸರಿನ ಲೆಕ್ಕ ಅಲ್ಲ. ದೂರು ಬಂದ ದಿನದಿಂದ ಉತ್ತರ ಹೋಗುವವರೆಗೆ ಎಷ್ಟು ದಿನ ಆಯಿತು? ಅದೇ ದೂರು ಮತ್ತೆ ಬಂತಾ? ಹಳೆಯ ಯೋಜನೆಗಳಲ್ಲಿ ಇವತ್ತು ನಡೆಯುತ್ತಿರುವುದು ಎಷ್ಟು? ಇವು ಮೂರು ಸಾಕು ಶುರುವಿಗೆ. ಒಂದು ಎಚ್ಚರಿಕೆ: ದೂರು ತೆಗೆದುಕೊಳ್ಳಲು ಸರಿಯಾದ ವ್ಯವಸ್ಥೆ ಮಾಡಿದ ಮೊದಲ ಕೆಲವು ತಿಂಗಳು ದೂರುಗಳ ಸಂಖ್ಯೆ ಏರುತ್ತದೆ. ಇದು ಕೆಟ್ಟ ಸುದ್ದಿ ಅಲ್ಲ, ಇಷ್ಟು ದಿನ ಗೇಟಿನಿಂದ ವಾಪಸ್ ಹೋಗುತ್ತಿದ್ದವರು ಈಗ ಒಳಗೆ ಬರುತ್ತಿದ್ದಾರೆ ಅಂತ ಅರ್ಥ. ಇದನ್ನು ಮೇಲಿನವರಿಗೆ ಗ್ರಾಫ್ ತೋರಿಸುವ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ನೆಪ ಅನ್ನುತ್ತಾರೆ. ಮುಂದಿನ ಸಮುದಾಯದ ಮೀಟಿಂಗ್‌ಗೆ ನೀವೊಬ್ಬರೇ ಹೋಗಬೇಡಿ, ರಾತ್ರಿ ಪಾಳಿಯ ಉತ್ಪಾದನಾ ಮ್ಯಾನೇಜರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವಾಸನೆಯ ಪ್ರಶ್ನೆಗೆ ಅವರೇ ಉತ್ತರ ಕೊಡಲಿ.