ಪಾರ್ಕಿನ ಮರಗಳಲ್ಲಿ ಗಾಳಿಪಟದ ಮಾಂಜಾ ದಾರ: ಭಾನುವಾರ ಬೆಳಿಗ್ಗೆ ತೆಗೆಯೋಣ

ಬಡಾವಣೆ ನಿವಾಸಿಗಳ ಗುಂಪು, ಹಾಸನ

2ನೇ ಅಡ್ಡರಸ್ತೆ: ಪಾರ್ಕಿನ ಹೊಂಗೆ ಮರದಲ್ಲಿ ಹದ್ದೊಂದು ಗಾಳಿಪಟದ ದಾರಕ್ಕೆ ಸಿಕ್ಕಿ ನೇತಾಡ್ತಿದೆ. ಕೈಗೆಟುಕೋ ಕೊಂಬೆನೇ. ದೋಟಿ ಹಾಕಿ ಎಳೀಬಹುದಾ?

ಟ್ಯಾಂಕ್ ರಸ್ತೆ: ಎಳೀಬೇಡಿ ಸರ್. ಎಳೆದಷ್ಟೂ ದಾರ ಬಿಗಿಯುತ್ತೆ. ರೆಕ್ಕೆಯ ಮುಂಭಾಗದಲ್ಲಿರೋ ತೆಳು ಚರ್ಮ ಹರಿದ್ರೆ ಹಕ್ಕಿ ಮತ್ತೆ ಹಾರೋದು ಕಷ್ಟ. ದಪ್ಪ ಟವೆಲ್ ತಲೆ ಸಮೇತ ಹೊದಿಸಿ, ರೆಕ್ಕೆನ ಮೈಗೆ ಸೇರಿಸಿ ಹಿಡೀರಿ. ಆಮೇಲೆ ದಾರನ ಹಕ್ಕಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಗಾಯದೊಳಗೆ ಹೂತಿರೋ ಎಳೆ ಮುಟ್ಟಬೇಡಿ, ಅದು ಪಶುವೈದ್ಯರ ಕೆಲಸ. ಕೊಕ್ಕಿಗಿಂತ ಕಾಲಿನ ಉಗುರಿಗೆ ಹುಷಾರು. ಹತ್ತಿರ ಕರೆಂಟ್ ವೈರ್ ಇದ್ರೆ ಏನೂ ಮಾಡ್ಬೇಡಿ, 1912ಕ್ಕೆ ಫೋನ್ ಮಾಡಿ, ಚೆಸ್ಕಾಂನವರು ಲೈನ್ ಆಫ್ ಮಾಡ್ಲಿ.

2ನೇ ಅಡ್ಡರಸ್ತೆ: ವೈರ್ ಇಲ್ಲ. ಇಳಿಸಿದ್ವಿ. ರಕ್ತ ಜಾಸ್ತಿ ಇಲ್ಲ, ರೆಕ್ಕೆ ಬಡೀತಿದೆ. ಬಿಟ್ಬಿಡೋಣ್ವಾ?

ಟ್ಯಾಂಕ್ ರಸ್ತೆ: ಬೇಡವೇ ಬೇಡ. ದಾರ ಬಿಗಿದಿದ್ದ ಜಾಗಕ್ಕೆ ರಕ್ತ ಓಡದೆ ಚರ್ಮ ಒಂದೆರಡು ದಿನ ಆದ್ಮೇಲೆ ಸಾಯುತ್ತೆ, ಇವತ್ತು ಹಾರಿದ ಹಕ್ಕಿ ನಾಡಿದ್ದು ಎಲ್ಲೋ ಬಿದ್ದಿರುತ್ತೆ. ರಟ್ಟಿನ ಡಬ್ಬಕ್ಕೆ ಬೆರಳು ಗಾತ್ರದ ತೂತು ಮಾಡಿ, ಕೆಳಗೆ ಹಳೇ ಬಟ್ಟೆ ಹಾಸಿ, ಮುಚ್ಚಿ ಕತ್ತಲಲ್ಲಿಡಿ. ಹಾಲು, ಅನ್ನ ಬೇಡ. ಬಾಯಿಗೆ ನೀರು ಬಿಟ್ರೆ ಶ್ವಾಸನಾಳಕ್ಕೆ ಹೋಗುತ್ತೆ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಈಗಲೇ ತಿಳಿಸಿ.

2ನೇ ಅಡ್ಡರಸ್ತೆ: ಫೋನ್ ಮಾಡಿದೆ, ಬರ್ತಿದ್ದಾರೆ.

4ನೇ ಅಡ್ಡರಸ್ತೆ: ಮೇಡಂ, ಅದೇ ಮರದಲ್ಲಿ ಇನ್ನೂ ನಾಲ್ಕೈದು ಕಡೆ ದಾರ ಜೋತಾಡ್ತಿದೆ.

ಟ್ಯಾಂಕ್ ರಸ್ತೆ: ನನಗೆ ಹೆಚ್ಚು ಸಂಕಟ ಅದರದ್ದೇ. ಆಷಾಢದ ಗಾಳಿ ನಿಂತ್ಮೇಲೂ ನೈಲಾನ್ ಕೊಳೆಯಲ್ಲ. ರಾತ್ರಿ ಗೂಬೆ, ಬಾವಲಿಗಳೂ ಸಿಕ್ಕಿಹಾಕೊಳ್ತವೆ. ನೈಲಾನ್ ಮಾಂಜಾನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಗಾಜಿನಪುಡಿ ಬಳಿದ ಹತ್ತಿ ದಾರವೂ ಅಷ್ಟೇ ಕುಯ್ಯುತ್ತೆ, ಹಾಗಾಗಿ ಮಕ್ಕಳಿಗೆ ಏನೂ ಬಳಿಯದ ಬರೀ ಹತ್ತಿ ದಾರನೇ ಕೊಡ್ಸಿ. ಗುಜರಾತಿನಲ್ಲಿ ಉತ್ತರಾಯಣದ, ಅಂದ್ರೆ ಸಂಕ್ರಾಂತಿ ಗಾಳಿಪಟ ಹಬ್ಬದ ಹೊತ್ತಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 5ರ ಮೇಲೆ ಪಟ ಹಾರಿಸ್ಬೇಡಿ ಅಂತ ಕೇಳ್ಕೊಳ್ತಾರೆ. ಹಕ್ಕಿಗಳು ಗೂಡು ಬಿಡೋ, ಮರಳೋ ಹೊತ್ತು ಅದು. ನಮ್ಮಲ್ಲೂ ಅದನ್ನೇ ಪಾಲಿಸೋಣ.

4ನೇ ಅಡ್ಡರಸ್ತೆ: ಭಾನುವಾರ 7ಕ್ಕೆ ಸೇರಿದ್ರೆ? ನಮ್ಮನೇಲಿ ಬಿದಿರಿನ ದೋಟಿ ಇದೆ.

ಟ್ಯಾಂಕ್ ರಸ್ತೆ: ಸೇರೋಣ. ದೋಟಿ ತುದಿಗೆ ಕುಡುಗೋಲು ಕಟ್ಟಿ. ಚರ್ಮದ ಕೈಗವಸು, ಕನ್ನಡಕ ಬೇಕು, ಬರಿಗೈಲಿ ದಾರ ಸುತ್ತಿದ್ರೆ ಬೆರಳು ಕುಯ್ಯುತ್ತೆ. ಸಿಕ್ಕಿದ ದಾರನ ಗೇಣುದ್ದಕ್ಕಿಂತ ಚಿಕ್ಕದಾಗಿ ತುಂಡು ಮಾಡಿ, ಪೇಪರಲ್ಲಿ ಸುತ್ತಿ ಒಣ ಕಸಕ್ಕೆ ಕೊಡಿ. ಉದ್ದಕ್ಕೆ ಎಸೆದ್ರೆ ಕಸದ ರಾಶೀಲಿ ಕಾಗೆ ಕಾಲಿಗೆ ಸುತ್ಕೊಳ್ಳುತ್ತೆ. ಸುಡೋದೂ ಬೇಡ, ಪ್ಲಾಸ್ಟಿಕ್ ಅದು. ಮೊದಲು ಮರದಲ್ಲಿ ಗೂಡಿದೆಯಾ ನೋಡಿ. ಇದ್ರೆ ಆ ಕೊಂಬೆ ತಂಟೆಗೆ ಹೋಗೋದು ಬೇಡ.

1ನೇ ಅಡ್ಡರಸ್ತೆ: ಏಣಿ ನಾನು ತರ್ತೀನಿ. ಮೂಲೆ ಅಂಗಡಿಯವರ ಹತ್ರ ಇವತ್ತೇ ಮಾತಾಡ್ತೀನಿ, ಉಳಿದಿರೋ ನೈಲಾನ್ ಉಂಡೆ ಮಾರ್ಬೇಡಿ ಅಂತ.

2ನೇ ಅಡ್ಡರಸ್ತೆ: ಇಲಾಖೆಯವರು ಬಂದು ಹದ್ದು ತಗೊಂಡ್ರು. ಭಾನುವಾರಕ್ಕೆ ನಾವಿಬ್ರು.