ಪದಚರ್ಚೆ: ಕ್ಯಾಮೆರಾ ‘ಗುರುತಿಸುತ್ತದೆ’ ಅಂದರೆ ಯಾವ ಗುರುತು?

ಗೆಳೆಯರೇ, ನಮಸ್ಕಾರ.

ಅಂಗಡಿ, ಗೋದಾಮುಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವ ಗೆಳೆಯರೊಬ್ಬರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆದುಕೊಡುತ್ತಿದ್ದೇನೆ. ಓದುವವರು ವ್ಯಾಪಾರಿಗಳು: ಅಡಿಕೆ ಮಂಡಿಯವರು, ಬೇಕರಿಯವರು, ಚಿನ್ನ ಬೆಳ್ಳಿ ಅಂಗಡಿಯವರು. ಬರವಣಿಗೆ ಒಂದು ಕ್ರಿಯಾಪದದ ಹತ್ತಿರ ಬಂದು ನಿಂತುಬಿಟ್ಟಿದೆ. ಅದು ‘ಗುರುತಿಸು’.

ಹೊಸ ಸ್ಮಾರ್ಟ್ ಕ್ಯಾಮೆರಾಗಳ ಕನ್ನಡ ಜಾಹೀರಾತು ನೋಡಿ. ಮನುಷ್ಯರನ್ನು ಗುರುತಿಸುತ್ತದೆ, ವಾಹನ ಗುರುತಿಸುತ್ತದೆ, ಮುಖ ಗುರುತಿಸುತ್ತದೆ. ಇಂಗ್ಲಿಷ್‌ನಲ್ಲಿ ಇವಕ್ಕೆ ಡಿಟೆಕ್ಷನ್, ಅಬ್ಸರ್ವೇಷನ್, ರೆಕಗ್ನಿಷನ್, ಐಡೆಂಟಿಫಿಕೇಷನ್ ಅಂತ ಬೇರೆ ಬೇರೆ ಮಾತುಗಳಿವೆ. ಈ ಕಸುಬಿನಲ್ಲಿ ಅವಕ್ಕೆ ಅಳತೆಯೂ ಇದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಅಲ್ಲೇನೋ ಇದೆ ಎಂದು ತಿಳಿಯಲು ದೃಶ್ಯದ ಅಗಲದಲ್ಲಿ ಮೀಟರಿಗೆ 25 ಪಿಕ್ಸೆಲ್ (ಚಿತ್ರದ ಚುಕ್ಕೆ) ಸಾಕು. ಬಟ್ಟೆ, ಮೈಕಟ್ಟು ತಿಳಿಯಲು 62.5 ಬೇಕು. ‘ಇವನು ನಮ್ಮ ಹಳೇ ಕೆಲಸದವನೇ’ ಎನ್ನಲು 125 ಬೇಕು. ಮೊದಲು ಕಂಡೇ ಇಲ್ಲದವನನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಇವನೇ ಎನ್ನಲು 250 ಬೇಕು.

ಇದನ್ನು ಅಂಗಡಿಯ ಲೆಕ್ಕಕ್ಕೆ ತನ್ನಿ. ಮಾಮೂಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1,920 ಪಿಕ್ಸೆಲ್ ಅಗಲ ಇರುತ್ತದೆ. ಕ್ಯಾಮೆರಾ ಸುಮಾರು 77 ಮೀಟರ್ ಅಗಲದ ಜಾಗ ನೋಡುತ್ತಿದ್ದರೂ, ಯಾರೋ ಓಡಾಡಿದ್ದು ತಿಳಿಯುತ್ತದೆ. ಅಪರಿಚಿತನ ಮುಖ ನಂಬುವಂತೆ ಸಿಗಬೇಕಾದರೆ ಅಗಲ 7.7 ಮೀಟರ್ ದಾಟಬಾರದು. ಒಂದಕ್ಕೊಂದು ಹತ್ತು ಪಟ್ಟು ವ್ಯತ್ಯಾಸ, ಕನ್ನಡದಲ್ಲಿ ಮಾತ್ರ ಎರಡಕ್ಕೂ ‘ಗುರುತಿಸು’! ಮಂಡಿಯವರು ಅಂಗಳಕ್ಕೆಲ್ಲ ಸೇರಿ ಮೂಲೆಯಲ್ಲಿ ಒಂದೇ ಕ್ಯಾಮೆರಾ ಹಾಕಿಸುತ್ತಾರೆ. ಕಳವಾದ ಮೇಲೆ ನೋಡಿದರೆ ಬೆರಳುದ್ದದ ನೆರಳೊಂದು ಮೂಟೆ ಹೊತ್ತು ಹೋಗುತ್ತಿರುತ್ತದೆ. ‘ಗುರುತಿಸುತ್ತದೆ ಅಂದಿದ್ದಿರಲ್ಲ’ ಎಂದು ಜಗಳ ಆಗುವುದು ಆಗಲೇ. ಬಾಗಿಲಿಗೆ ಮುಖವಾಗಿ ಇನ್ನೊಂದು ಹಾಕಿದ್ದರೆ ಮುಗಿಯುತ್ತಿತ್ತು. ಅದನ್ನು ಮೊದಲೇ ತಿಳಿಸಿ ಹೇಳುವ ಮಾತು ನಮ್ಮ ಹತ್ತಿರ ಇರಲಿಲ್ಲ.

ಹಾಗಾಗಿ ನಾಲ್ಕು ಮೆಟ್ಟಿಲಿಗೆ ನಾಲ್ಕು ಮಾತು ಹುಡುಕುತ್ತಿದ್ದೇನೆ. ಹೊಸದಾಗಿ ಕಟ್ಟುವ ಆಸೆ ಇಲ್ಲ, ಜನ ಆಡುವುದರಲ್ಲೇ ಸಿಕ್ಕರೆ ಒಳ್ಳೆಯದು.

ಮೊದಲನೆಯದಕ್ಕೆ ಎಲ್ಲರೂ ‘ಪತ್ತೆ’ ಬರೆಯುತ್ತಾರೆ: ಚಲನೆ ಪತ್ತೆ, ವ್ಯಕ್ತಿ ಪತ್ತೆ. ನನಗೆ ಒಪ್ಪಿಗೆಯಿಲ್ಲ. ಪತ್ತೆ ಆಗುವುದು ಕಳೆದುಹೋದದ್ದು, ತಲೆಮರೆಸಿಕೊಂಡದ್ದು. ‘ವ್ಯಕ್ತಿ ಪತ್ತೆ’ ಅಂದರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಓದಿಕೊಳ್ಳುತ್ತಾರೆ. ಅದರ ಬದಲು ‘ಸುಳಿ’ ಹೇಗೆ? ‘ಬೆಳಗಿಂದ ಒಂದು ಗಿರಾಕಿ ಸುಳಿದಿಲ್ಲ’ ಎನ್ನುವುದು ವ್ಯಾಪಾರಿಗಳದೇ ಮಾತು. ‘ಶಟರ್ ಎಳೆದ ಮೇಲೆ ಜನ ಸುಳಿದರೆ ನಿಮ್ಮ ಫೋನಿಗೆ ಅಲರ್ಟ್ ಬರುತ್ತದೆ’ ಎಂದು ಬರೆದರೆ ಅರ್ಥ ಕೂಡಲೇ ಆಗುತ್ತದೆ ಅಲ್ವಾ? ಕ್ರಿಯಾಪದವಾಗಿಯೇ ಉಳಿಸಬೇಕು. ‘ಸುಳಿವು’ ಅಂದರೆ ಪೊಲೀಸರ ಸುಳಿವಾಗಿಬಿಡುತ್ತದೆ.

ಇಲ್ಲೇ ಹಳೇ ಕ್ಯಾಮೆರಾಗೂ ಹೊಸದಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನೂ ಹೇಳಬೇಕು. ಹಳೆಯದು ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಬೆಳಕು ಎಷ್ಟು ಬದಲಾಯಿತು ಎಂದು ಮಾತ್ರ ನೋಡುತ್ತಿತ್ತು. ಮಳೆ ಬಂದರೆ ಅಲರ್ಟ್. ಲಾರಿಯ ಹೆಡ್‌ಲೈಟ್ ಗೋಡೆಗೆ ಬಿದ್ದರೆ ಅಲರ್ಟ್. ರಾತ್ರಿ ಕ್ಯಾಮೆರಾ ಬಿಡುವ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನೆದುರು ಹುಳ ಹಾರಾಡಿದರೆ, ಜೇಡ ಬಲೆ ಕಟ್ಟಿದರೆ ಬೆಳಗಿನ ತನಕ ಅಲರ್ಟೇ ಅಲರ್ಟು. ಕಾಟ ತಾಳದೆ ಮಾಲೀಕರು ಅದನ್ನು ಆಫ್ ಮಾಡಿಡುತ್ತಿದ್ದರು. ಸ್ಮಾರ್ಟ್ ಅನ್ನಿಸಿಕೊಂಡವು ಆಕಾರ ನೋಡಿ ಇದು ಮನುಷ್ಯ, ಇದು ವಾಹನ, ಇದು ನಾಯಿ ಎಂದು ವಿಂಗಡಿಸುತ್ತವೆ. ತಪ್ಪುವುದೂ ಉಂಟು, ಆದರೆ ಎಷ್ಟೋ ಕಡಿಮೆ. ನನ್ನ ಪ್ರಕಾರ ವ್ಯಾಪಾರಿಗೆ ಇದೇ ದೊಡ್ಡ ಲಾಭ. ಮಿಕ್ಕದ್ದೆಲ್ಲ ಆಮೇಲೆ.

ಎರಡನೇ ಮೆಟ್ಟಿಲಿಗೆ ‘ಚಹರೆ’ ಹೊಳೆಯಿತು. ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆ ನೆನಪಿಸಿಕೊಳ್ಳಿ: ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಇಂಥ ಬಣ್ಣದ ಅಂಗಿ. ಅಷ್ಟು ಹೇಳುವಷ್ಟು ಕಾಣುತ್ತದೆ ಎನ್ನಲು ಈ ಪದ ಚೆನ್ನಾಗಿ ಕೂಡುತ್ತದೆ. ಅಳುಕು ಒಂದೇ. ಪಾರಸಿಯಿಂದ ಬಂದ ಈ ಪದದ ಮೂಲಾರ್ಥ ಮುಖ. ‘ಚಹರೆ ತಿಳಿಯುತ್ತದೆ’ ಅಂದರೆ ಮುಖವೇ ಸ್ಪಷ್ಟವಾಗಿ ಕಾಣುತ್ತದೆ ಅಂತ ಓದುಗರು ತಿಳಿದಾರೇ? ನಿಮ್ಮ ಕಡೆ ಚಹರೆ ಅಂದಾಗ ಮೊದಲು ಮನಸ್ಸಿಗೆ ಬರುವುದು ಯಾವುದು, ತಿಳಿಸಿ.

ಮೂರನೆಯದಕ್ಕೆ ನಿಜವಾಗಿ ಸಲ್ಲುವುದೇ ‘ಗುರುತು’. ‘ಅವರು ನಮಗೆ ಗುರುತಿನವರು’, ‘ನನ್ನ ಗುರುತು ಸಿಕ್ಕಿತಾ?’ ಎನ್ನುವಾಗ ಮೊದಲೇ ಪರಿಚಯ ಇದ್ದೇ ಇರುತ್ತದೆ. ಹಾಗಾಗಿ ‘ಗುರುತು ಸಿಗು’ ಅಂತ ಇಟ್ಟುಕೊಂಡಿದ್ದೇನೆ. ನಾಲ್ಕನೆಯದಕ್ಕೆ ಪತ್ರಿಕೆಗಳಲ್ಲೇ ಸಿದ್ಧವಾಗಿದೆ: ‘ಮೃತರ ಗುರುತು ಪತ್ತೆಯಾಗಿಲ್ಲ’. ಪತ್ತೆಗೆ ಅಲ್ಲಿ ಅದರದೇ ಕೆಲಸ ಇದೆ.

ಮುಖದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಮುಖ ಇರುವ ಕಡೆ ಚೌಕ ಎಳೆಯುವುದು ಒಂದು ಕೆಲಸ. ಆ ಮುಖವನ್ನು ಮೊದಲೇ ಇಟ್ಟುಕೊಂಡ ಮುಖಗಳ ಜೊತೆ ಹೋಲಿಸಿ ಇಂಥವರೇ ಎನ್ನುವುದು ಬೇರೆ ಕೆಲಸ. 2022ರ ಡಿಸೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶುರುವಾದ, ಮುಖ ನೋಡಿಯೇ ಪ್ರಯಾಣಿಕರನ್ನು ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆ ಎರಡನೆಯ ಬಗೆಯದು. ಬೇಕರಿಯ ಕ್ಯಾಮೆರಾ ಸಾಮಾನ್ಯವಾಗಿ ಮೊದಲನೆಯದು. ಎರಡಕ್ಕೂ ‘ಮುಖ ಗುರುತಿಸುವಿಕೆ’ ಎಂದು ಬರೆದರೆ ಗಿರಾಕಿಗೆ ಸುಮ್ನೆ ಹೆದರಿಕೆ, ಮಾಲೀಕನಿಗೆ ಸುಮ್ನೆ ಜಂಬ. ಮೊದಲನೆಯದಕ್ಕೆ ‘ಮುಖ ಹುಡುಕು’, ಎರಡನೆಯದಕ್ಕೆ ‘ಮುಖ ತಾಳೆ ನೋಡು’ ಎನ್ನಬಹುದೇ? ತಾಳೆ ನೋಡುವುದು ಲೆಕ್ಕದ ಪುಸ್ತಕದ ಮಾತು, ವ್ಯಾಪಾರಿಗಳಿಗೆ ಹೊಸದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ, ಮುಖಗಳನ್ನು ಕೂಡಿಡುತ್ತಿದ್ದೇವೋ ಇಲ್ಲವೋ ಎಂಬುದು ಮಾಲೀಕರಿಗೆ ಸರಿಯಾಗಿ ಗೊತ್ತಿರಬೇಕು.

ಸುಲಭವಾಗಿ ಬಗೆಹರಿದವೂ ಇವೆ. ಪರದೆಯ ಮೇಲೆ ಗೆರೆ ಎಳೆದು, ಯಾರಾದರೂ ದಾಟಿದರೆ ತಿಳಿಸು ಎನ್ನುವ ಸೌಲಭ್ಯಕ್ಕೆ ‘ಗೆರೆ ದಾಟು’ ಸಾಕು. ಗೆಳೆಯರ ಹುಡುಗರು ಅದನ್ನು ಲಕ್ಷ್ಮಣರೇಖೆ ಅನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಪದ ನನ್ನಿಂದ ಆಗದು. ಅದೇ ಗೆರೆಯಿಂದ ಬಾಗಿಲಲ್ಲಿ ಒಳಬಂದವರೆಷ್ಟು, ಹೊರಹೋದವರೆಷ್ಟು ಎಂಬ ತಲೆಲೆಕ್ಕವೂ ಸಿಗುತ್ತದೆ. ಬೇಕರಿಯಲ್ಲಿ ಸಂಜೆ ಯಾವ ಹೊತ್ತಿಗೆ ಜನ ಮುಗಿಬೀಳುತ್ತಾರೆ ನೋಡಿ ಕೌಂಟರಿಗೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಬಹುದು. ಫೂಟೇಜಿಗೆ ಪತ್ರಿಕೆಗಳ ‘ದೃಶ್ಯಾವಳಿ’ ಇದೆ.

‘ಬ್ಯಾಕಪ್’ ಮಾತ್ರ ವಿಚಿತ್ರ. ಕಂಪ್ಯೂಟರಿನವರಿಗೆ ಅದು ಇನ್ನೊಂದು ಪ್ರತಿ. ಕ್ಯಾಮೆರಾದವರಿಗೆ ‘ಎಷ್ಟು ದಿನದ ಬ್ಯಾಕಪ್ ಬರುತ್ತೆ?’ ಅಂದರೆ, ಹಳೆಯದು ಅಳಿಯುವ ಮುಂಚೆ ಎಷ್ಟು ದಿನದ್ದು ಉಳಿದಿರುತ್ತದೆ ಎಂದು. ಹೆಚ್ಚು ಜನ ಬಂದುಹೋಗುವ ಜಾಗಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಿದ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯಾವಳಿ ಕೇಳುತ್ತದೆ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ರೆಕಾರ್ಡ್ ಆಗುವ 4 ಕ್ಯಾಮೆರಾಗಳಿದ್ದರೆ 1 ಟಿಬಿ (ಟೆರಾಬೈಟ್) ಡಿಸ್ಕ್ 11-12 ದಿನಕ್ಕೆ ತುಂಬುತ್ತದೆ. 30 ದಿನಕ್ಕೆ ಸುಮಾರು 2.6 ಟಿಬಿ ಬೇಕು. ಕೈಪಿಡಿಯಲ್ಲಿ ‘ಉಳಿಯುವ ದಿನ’ ಎಂದು ಬರೆದೆ. ಗೆಳೆಯರು ಹೊಡೆದುಹಾಕಿ ಮತ್ತೆ ‘ಬ್ಯಾಕಪ್’ ಮಾಡಿದರು, ಗಿರಾಕಿಗಳು ಕೇಳುವುದೇ ಹಾಗಂತೆ. ವಾದ ಮಾಡಲಿಲ್ಲ.

ಉಳಿದ ಪ್ರಶ್ನೆ ಹಾಗೇ ಇದೆ. ಕಳ್ಳನಿಲ್ಲದೆ ಬರುವ ಅಲರ್ಟಿಗೆ ‘ಹುಸಿ ಎಚ್ಚರಿಕೆ’ ಬರೆದಿದ್ದೇನೆ, ಹುಸಿ ಬಾಂಬ್ ಕರೆಯ ಮಾದರಿಯಲ್ಲಿ. ಆದರೆ ಅಲ್ಲಿ ಕರೆ ಮಾಡಿದವನು ಬೇಕಂತಲೇ ಸುಳ್ಳು ಹೇಳಿರುತ್ತಾನೆ. ಪಾಪ, ಕ್ಯಾಮೆರಾ ಕಂಬಳಿಹುಳ ನೋಡಿ ಬೆಚ್ಚಿದ್ದಷ್ಟೇ. ಉತ್ತರ ಕರ್ನಾಟಕದವರು, ಕರಾವಳಿಯವರು ಇಂಥ ಬರಿದೇ ಗಾಬರಿಗೆ ಏನನ್ನುತ್ತೀರಿ? ‘ಸುಳಿ’ ನಿಮ್ಮ ಅಂಗಡಿಗಳಲ್ಲೂ ನಡೆಯುತ್ತದೆಯೇ? ಅಚ್ಚಿಗೆ ಹೋಗುವ ಮುಂಚೆ ತಿದ್ದಲು ಇನ್ನೂ ಸಮಯವಿದೆ.