ಎರಡನೇ ಕ್ಲಾಸಿನ ಹುಡುಗನಿಗೆ ಐಕ್ಯೂ ಟೆಸ್ಟ್ ಬೇಕಾ?

ಪ್ರಶ್ನೆ (ನಿಟ್ಟುವಳ್ಳಿ ಅಪ್ಪ)
ನಮಸ್ಕಾರ, ನಮ್ಮದು ದಾವಣಗೆರೆ. ಮಗನಿಗೆ ಏಳೂವರೆ ವರ್ಷ, ಎರಡನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಹೋದ ವಾರ ಪೇರೆಂಟ್ಸ್ ಮೀಟಿಂಗಿನಲ್ಲಿ ಅವನ ಮಿಸ್ಸು "ಇವನು ಸ್ಲೋ ಲರ್ನರ್ ಇರಬೇಕು, ಐಕ್ಯೂ ಟೆಸ್ಟ್ ಮಾಡಿಸಿ" ಅಂದುಬಿಟ್ಟರು, ಅದೂ ಎಲ್ಲರ ಎದುರಿಗೆ. ಬೋರ್ಡ್ ನೋಡಿ ಬರೆಯೋದು ಅರ್ಧಕ್ಕೇ ನಿಲ್ಲುತ್ತದೆ, ಬಿ ಮತ್ತು ಡಿ ತಿರುಗುಮುರುಗು ಆಗುತ್ತವೆ, ನಿಜ. ಆದರೆ ಇದೇ ಹುಡುಗ ಸೋದರಮಾವನ ಮಂಡಕ್ಕಿ ಭಟ್ಟಿಗೆ ಹೋದರೆ ಎಷ್ಟು ಚೀಲ ಲೋಡಾಯಿತು, ಯಾರದು ಎಷ್ಟು ಬಾಕಿ ಅಂತ ಬಾಯಲ್ಲೇ ಹೇಳುತ್ತಾನೆ. ಇದರ ಮಧ್ಯೆ ಯಾರೋ ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುತ್ತೇವೆ ಅಂತ ಚೀಟಿ ಕೊಟ್ಟು ಹೋಗಿದ್ದಾರೆ, ಮನೆಯವಳು ದುಡ್ಡು ಎಣಿಸಿ ಇಟ್ಟಾಗಿದೆ. ಏನು ಮಾಡಲಿ?

ಉತ್ತರ (ಶಾಲಾ ಕೌನ್ಸೆಲರ್)
ಆ ಬೆರಳಚ್ಚಿನ ದುಡ್ಡನ್ನು ಮೊದಲು ವಾಪಸ್ ಪರ್ಸಿಗೆ ಹಾಕಿಸಿ ಸರ್. ಬೆರಳಿನ ಗೆರೆಗೂ ಬುದ್ಧಿಗೂ ಸಂಬಂಧವಿಲ್ಲ.
ಐಕ್ಯೂ ಟೆಸ್ಟ್ ಬೇರೆ, ಅದಕ್ಕೆ ಬುಡ ಇದೆ. 1905ರಲ್ಲಿ ಪ್ಯಾರಿಸಿನಲ್ಲಿ ಬಿನೆ ಮತ್ತು ಸಿಮೋನ್ ಎಂಬ ಇಬ್ಬರು ಸಂಶೋಧಕರು ಇದರ ಮೊದಲ ರೂಪ ಮಾಡಿದ್ದೇ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಹುಡುಕೋದಕ್ಕೆ, ಹಣೆಗೆ ಚೀಟಿ ಅಂಟಿಸೋಕಲ್ಲ. ಇಲ್ಲಿ ಈಗಲೂ ಬಳಸುವ ಬಿನೆ-ಕಾಮತ್ ಟೆಸ್ಟ್ ಕನ್ನಡ, ಮರಾಠಿ ಮಕ್ಕಳಿಗಾಗಿಯೇ 1930ರ ದಶಕದಲ್ಲಿ ಹೊಂದಿಸಿದ್ದು. ಹಳೆಯದು, ಅದಕ್ಕೇ ಅಂಕಿಯನ್ನು ವೇದವಾಕ್ಯ ಅಂದುಕೊಳ್ಳಬೇಡಿ. ಸರಾಸರಿ 100 ಅಂತ ಇಟ್ಟಿರುತ್ತಾರೆ, ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ. ಮಾಡಿಸುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೇ, ಕನ್ನಡದಲ್ಲೇ ಕೇಳಲು ಹೇಳಿ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಇಂಗ್ಲಿಷಿನಲ್ಲಿ ಕೇಳಿದರೆ ಅಳೆಯುವುದು ಬುದ್ಧಿಯನ್ನಲ್ಲ, ಇಂಗ್ಲಿಷನ್ನು. ಒಂದೇ ಅಂಕಿ ಬರೆದ ರಿಪೋರ್ಟ್ ತರಬೇಡಿ, ಯಾವ ಭಾಗದಲ್ಲಿ ಹೇಗೆ ಮಾಡಿದ ಅಂತ ಬರೆಸಿಕೊಳ್ಳಿ. ಬಾಯಿಲೆಕ್ಕ ಚೆನ್ನಾಗಿದ್ದು ನೋಡಿ ಬರೆಯೋದು ನಿಧಾನ ಅಂದರೆ, ಹುಡುಕಬೇಕಾದ್ದು ಬುದ್ಧಿಯ ಕೊರತೆಯನ್ನಲ್ಲ, ಓದು-ಬರಹದ ತೊಂದರೆಯನ್ನು.

ಉತ್ತರ (ನಿವೃತ್ತ ಮೇಷ್ಟ್ರು, ಚಿತ್ರದುರ್ಗ)
ಟೆಸ್ಟ್ ಆಮೇಲೆ ಇರಲಿ, ಕಣ್ಣು ಕಿವಿ ತೋರಿಸಿದ್ದೀರಾ? ನನ್ನ ಕ್ಲಾಸಿನಲ್ಲಿ ಒಂದು ಹುಡುಗಿಯನ್ನು ನಾನೇ ಮಂಕು ಅಂತ ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ. ಅವಳ ಕಿವಿ ಸೋರುತ್ತಿತ್ತು, ಅರ್ಧ ಪಾಠ ಕೇಳಿಸುತ್ತಲೇ ಇರಲಿಲ್ಲ. ನೆನಪಾದರೆ ಈಗಲೂ ನಾಚಿಕೆ. ಎರಡನೇ ಕ್ಲಾಸಿಗೆ ಬಿ, ಡಿ ತಿರುಗೋದು ತೀರಾ ಅಪರೂಪವೇನಲ್ಲ, ಮುಂದೆಯೂ ಹಾಗೇ ಉಳಿದರೆ ಆಗ ನೋಡಬೇಕು. ಸರ್ಕಾರಿ ಶಾಲೆಯಾಗಿದ್ದರೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡವೇ ಬಂದು ನೋಡುತ್ತದೆ, 2013ರಿಂದ ಇದೆ.

ಉತ್ತರ (ಹರಿಹರ ಅಮ್ಮ)
ನಮ್ಮ ಮಗಳಿಗೆ ಜ್ವರದಲ್ಲೇ ಟೆಸ್ಟ್ ಮಾಡಿಸಿ, 78 ಬಂದು, ಒಂದು ವಾರ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ ಅನ್ನೋ ಹಾಗಾಗಿತ್ತು. ಒಂದೂವರೆ ವರ್ಷದ ಮೇಲೆ ಬೇರೆ ಕಡೆ ಮಾಡಿಸಿದರೆ 94. ಅವಳಿಗೆ ಇದ್ದದ್ದು ಓದುವ ತೊಂದರೆ, ಡಿಸ್ಲೆಕ್ಸಿಯಾ. ಅದು 2016ರ ಅಂಗವಿಕಲರ ಕಾಯ್ದೆಯಲ್ಲಿ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಎಂಟು ವರ್ಷ ತುಂಬಲಿ, ಆಮೇಲೆ ಅದರ ಪರೀಕ್ಷೆ ಬೇರೆಯಾಗಿ ಮಾಡಿಸಿ. ಟೆಸ್ಟ್ ದಿನ ಹೊಟ್ಟೆತುಂಬ ತಿಂಡಿ ಕೊಟ್ಟು ಕಳಿಸಿ ಅಣ್ಣ, ಜಾಣ ಆಗಬೇಕು ಅಂತ ದಾರಿಯುದ್ದಕ್ಕೂ ಹೇಳಬೇಡಿ.

ಮತ್ತೆ ನಿಟ್ಟುವಳ್ಳಿ ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಕಣ್ಣು ತೋರಿಸಿದೆವು, ಚೆನ್ನಾಗಿಯೇ ಇದೆ ಅಂದರು, ಕಿವಿ ಗುರುವಾರ. ಬೆರಳಚ್ಚಿನವರಿಗೆ ಬೇಡ ಅಂತ ಫೋನ್ ಮಾಡಿದೆ, ಡಿಸ್ಕೌಂಟ್ ಕೊಡುತ್ತೇವೆ ಅಂದರು. ಒಂದೇ ಸಂಕಟ, ಕ್ಲಾಸಿನಲ್ಲಿ ಹುಡುಗರು ಅವನನ್ನು ಸ್ಲೋ ಸ್ಲೋ ಅಂತ ಕರೆಯೋಕೆ ಶುರು ಮಾಡಿದ್ದಾರೆ. ಮಿಸ್ಸಿಗೆ ನೋವಾಗದ ಹಾಗೆ ಇದನ್ನು ಹೇಗೆ ಹೇಳೋದು?

ನಿವೃತ್ತ ಮೇಷ್ಟ್ರು
ಸ್ವಲ್ಪ ನೋವಾಗಲಿ ಬಿಡಿ. ಒಬ್ಬರೇ ಇದ್ದಾಗ ಹೋಗಿ ಹೇಳಿ, ಹಾಗೇ ಅವನನ್ನು ಮುಂದಿನ ಬೆಂಚಿಗೆ ಕೂರಿಸಲು ಕೇಳಿ.